ಎದುರಾಳಿಗೆ ಸಲ್ಲತಕ್ಕ ಮರ್ಯಾದೆ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಕಾಲ್ಚೆಂಡಾಟದ ವಿಚಾರಕ್ಕೆ ಎಡೆಯೆಲ್ಲಿಯದು ಎಂದು ಕೆಲವರು ಕೇಳಬಹುದು. ವಿದ್ಯೆ, ವಿನಯ, ಆರೋಗ್ಯ, ಗೃಹಕೃತ್ಯ ಮೊದಲಾದ ವಿಷಯಗಳ ಮೇಲೆ ಬರೆಯತಕ್ಕವರು ಬೇಕಾದಷ್ಟು ಮಂದಿ ಇದ್ದಾರೆ. ಅವರ ಬರೆಹಗಳಿಂದ ಈ ಸಂಚಿಕೆಗೆ ಶೋಭೆಯುಂಟಾಗುವುದು ನಿಶ್ಚಯ. ಆದರೆ ಮನುಷ್ಯನ ಸ್ವಭಾವವು ಪುಸ್ತಕವನ್ನು ಹಿಡಿದು ಕುಳಿತಾಗ ತೋರುವುದಕ್ಕಿಂತ ಆಟದ ಬಯಲಿನಲ್ಲಿ ಹೆಚ್ಚು ಸ್ಪಷ್ಟವಾಗಿ ತೋರುತ್ತದೆಂಬುದು ನಮ್ಮ ಬಹುಕಾಲದ ಅಭಿಪ್ರಾಯ. ಅಲ್ಲಿ ಮಾತಿಗೆ ಅವಕಾಶವಿಲ್ಲ, ಯೋಚನೆಗೆ ಸಮಯವಿಲ್ಲ, ನೋಡುವ ಕಣ್ಣುಗಳೋ ಸಾವಿರಾರು. ಒಳಗಿರುವುದು ಹೊರಗೆ ಬಂದೇ ತೀರುತ್ತದೆ. ಆದಕಾರಣ ಆಟದ ಮಾತೂ ನಡತೆಯ ಮಾತೇ ಎಂದು ತಿಳಿದು, ಈ ನಾಲ್ಕು ಪುಟಗಳನ್ನು ವಾಚಕಿಯರ ಮುಂದಿಡುತ್ತಿದ್ದೇವೆ.

ಬರೆಯುತ್ತಿರುವ ನಾವು ಈ ಶಾಲೆಯಲ್ಲಿ ಓದಿ ಹೋದವರು ಕೆಲವರು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಎಂದು ಬೆಂಗಳೂರಿನ ಪಡುವಣ ಭಾಗದಲ್ಲಿ ಚದರಿ ವಾಸಿಸುತ್ತೇವೆ. ಪಂದ್ಯವಿದ್ದ ಸಂಜೆ ಒಂದೆಡೆ ಕೂಡುತ್ತೇವೆ. ಕಾಲ್ಚೆಂಡಾಟವು ನಮ್ಮ ಬಡಾವಣೆಗಳ ಹುಟ್ಟುಸೊತ್ತೆಂದು ಹೇಳಲಾರೆವು. ಅದರ ತವರು ಹಿಂದಿನ ದಂಡಿನ ಪ್ರದೇಶ: ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ, ಶಿವಾಜಿನಗರ. ನಮ್ಮ ಕಡೆಯ ಬೀದಿಗಳಲ್ಲಿ ಮಕ್ಕಳ ಕೈಗೆ ಮೊದಲು ಸಿಕ್ಕುವುದು ಕ್ರಿಕೆಟ್ಟಿನ ದಾಂಡು. ಆದರೂ ೨೦೧೩ರಲ್ಲಿ ಬೆಂಗಳೂರು ಎಫ್.ಸಿ. ಎಂಬ ತಂಡವು ಹುಟ್ಟಿ, ಮೊದಲ ಋತುವಿನಲ್ಲಿಯೇ ಐ-ಲೀಗ್ ಪ್ರಶಸ್ತಿಯನ್ನು ಗೆದ್ದು, ೨೦೧೪ರಲ್ಲಿ ಕಂಠೀರವ ಕ್ರೀಡಾಂಗಣಕ್ಕೆ ಬಂದ ಮೇಲೆ ಪಡುವಣದವರಿಗೂ ಈ ಆಟದ ರುಚಿ ಹತ್ತಿತು. ೨೦೨೧ರ ಆಗಸ್ಟ್ ತಿಂಗಳಲ್ಲಿ ಮೆಟ್ರೋ ರೈಲಿನ ನೇರಳೆ ಮಾರ್ಗವು ಕೆಂಗೇರಿಯವರೆಗೆ ಬೆಳೆದುದರಿಂದ, ಕೆಂಗೇರಿಯವರೂ ವಿಜಯನಗರದವರೂ ಒಂದೇ ಗಾಡಿಯಲ್ಲಿ ಕುಳಿತು ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯುವಂತಾಯಿತು. ರಾಜಾಜಿನಗರದವರು ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸುತ್ತಾರೆ. ಬಸವೇಶ್ವರನಗರದವರು ಬಸ್ಸನ್ನೇ ನೆಚ್ಚಿಕೊಂಡಿದ್ದಾರೆ. ಆ ತಂಡದ ಅಭಿಮಾನಿಗಳ ಕೂಟಕ್ಕೆ ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಹೆಸರು. ಪಡುವಣ ಗ್ಯಾಲರಿಯ ನೀಲಿಯವರು ಎಂದು ಅದರ ಅರ್ಥ. ಪಡುವಣ ಊರಿನ ನಮಗೆ ಆ ಹೆಸರು ತಕ್ಕುದಾಗಿಯೇ ಇದೆ.

ನಾವು ಇಲ್ಲಿ ಹೇಳಬೇಕೆಂದಿರುವ ವಿಷಯವು ಒಂದೇ. ಎದುರಾಳಿಯು ಇದ್ದರೆ ಮಾತ್ರ ಆಟವುಂಟು. ಆದುದರಿಂದ ಎದುರಾಳಿಗೆ ಮರ್ಯಾದೆಯನ್ನು ಸಲ್ಲಿಸುವುದು ದಾಕ್ಷಿಣ್ಯದ ಕಾರ್ಯವಲ್ಲ, ಆಟದ ಬುನಾದಿ. ಆಟದಲ್ಲಿ ಎದುರಾಳಿಯ ಬಲವನ್ನು ಮೊದಲು ಒಪ್ಪಿಕೊಳ್ಳುವವನು ಕಾವಲಿನ ಆಟಗಾರ. ಹಾಗಿರುವಲ್ಲಿ ಕಾವಲಿನ ಆಟವನ್ನು ಹೇಡಿತನವೆಂದು ಹಳಿಯುವುದು ನ್ಯಾಯವಲ್ಲ. ಈ ಎರಡು ಮಾತುಗಳೂ ಒಂದೇ ಬೇರಿನಿಂದ ಹುಟ್ಟಿದುವೆಂದು ತೋರಿಸಲು ಯತ್ನಿಸುತ್ತೇವೆ.

ಮೊದಲು ಎದುರಾಳಿಯ ಮಾತು. ನಮ್ಮ ನಾಡಿಗೆ ಇದು ಹೊಸದಲ್ಲ. ಹತ್ತನೆಯ ಶತಮಾನದ ರನ್ನನು ತನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ರಣಭೂಮಿಯಲ್ಲಿ ನಡೆಯಿಸುತ್ತಾನೆ. ಅಲ್ಲಿ ಅವನು ಅಭಿಮನ್ಯುವಿನ ಕಳೇಬರವನ್ನು ಕಾಣುತ್ತಾನೆ. ಸತ್ತವನು ಹಗೆಯ ಮಗ. ಆದರೂ ದುರ್ಯೋಧನನು ಆ ಬಾಲಕನ ಸಾಹಸವನ್ನು ಕೊಂಡಾಡಿ, ಅಂಥ ಮರಣವು ತನಗೂ ಒದಗಲೆಂದು ಬಯಸುತ್ತಾನೆ. ಛಲಕ್ಕೆ ಹೆಸರಾದವನ ಬಾಯಿಂದಲೇ ಹಗೆಯ ಹೊಗಳಿಕೆಯನ್ನು ಹೊರಡಿಸಿದ ಆ ಕವಿಗೆ ಎದುರಾಳಿಯ ಬೆಲೆ ತಿಳಿದಿತ್ತು. ಅದೇ ಕಥೆಯ ಕೊನೆಯಲ್ಲಿ ಭೀಮನು ತೊಡೆಗೆ ಹೊಡೆದು ಗೆಲ್ಲುತ್ತಾನೆ. ನಾಭಿಯಿಂದ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ನಿಯಮ. ಭೀಮನ ಪಕ್ಷವು ಧರ್ಮದ ಪಕ್ಷವೆಂದು ಎಲ್ಲರೂ ಒಪ್ಪಿದ್ದರೂ ಆ ಒಂದು ಏಟಿನ ವಿಚಾರವಾಗಿ ಜನರು ಇಂದಿಗೂ ವಾದಿಸುತ್ತಾರೆ. ಗೆಲುವು ಬಂದ ಮೇಲೆ ಬಂದ ದಾರಿಯನ್ನು ಯಾರೂ ಕೇಳುವುದಿಲ್ಲವೆಂಬ ಮಾತು ಹಾಗಾದರೆ ಸುಳ್ಳು. ಸಾವಿರಾರು ವರುಷ ಕಳೆದರೂ ಕೇಳುತ್ತಾರೆ.

ಕಂಠೀರವದ ಗ್ಯಾಲರಿಗೆ ಈ ಪಾಠವು ೨೦೧೮ರ ಮಾರ್ಚ್ ೧೭ರಂದು ದೊರೆಯಿತು. ಇಂಡಿಯನ್ ಸೂಪರ್ ಲೀಗ್ ಎಂಬ ಪಂದ್ಯಮಾಲೆಗೆ ಬೆಂಗಳೂರು ಕಾಲಿಟ್ಟ ಮೊದಲ ಋತುವದು; ಅಂತಿಮ ಪಂದ್ಯವು ನಮ್ಮ ಊರಿನಲ್ಲಿಯೇ ನಡೆಯಿತು; ಎದುರಾಳಿ ಚೆನ್ನೈಯಿನ್ ಎಫ್.ಸಿ. ಸುನಿಲ್ ಛೇತ್ರಿಯವರು ಒಂಬತ್ತನೆಯ ನಿಮಿಷದಲ್ಲಿಯೇ ಗೋಲು ಹೊಡೆದಾಗ ಪ್ರಶಸ್ತಿಯು ಕೈಗೆ ಬಂದಂತೆಯೇ ಎಂದು ಜನರು ತಿಳಿದರು. ಆದರೆ ಚೆನ್ನೈಯ ಹಿಂಗಾವಲಿನ ಆಟಗಾರ ಮೈಲ್ಸನ್ ಆಲ್ವೆಸ್ ಎಂಬವರು ಮೂಲೆಯ ಒದೆತದಿಂದ ಬಂದ ಚೆಂಡನ್ನು ತಲೆಯಿಂದ ಹೊಡೆದು ಎರಡು ಗೋಲುಗಳನ್ನು ಗಳಿಸಿದರು. ಪಂದ್ಯವು ೩-೨ರಲ್ಲಿ ಚೆನ್ನೈಯ ಪಾಲಾಯಿತು. ಸರಿಯಾಗಿ ಒಂದು ವರುಷದ ಅನಂತರ, ೨೦೧೯ರ ಮಾರ್ಚ್ ೧೭ರಂದು, ಮುಂಬಯಿಯಲ್ಲಿ ಬೆಂಗಳೂರು ತಂಡವು ಗೋವೆಯನ್ನು ೧-೦ರಿಂದ ಸೋಲಿಸಿ ಅದೇ ಪ್ರಶಸ್ತಿಯನ್ನು ಪಡೆಯಿತು. ಹೆಚ್ಚಿನ ಅವಧಿಯ ಕಡೆಯ ನಿಮಿಷಗಳಲ್ಲಿ ಆ ಗೋಲನ್ನು ಗಳಿಸಿದವರು ರಾಹುಲ್ ಭೇಕೆ, ಅವರೂ ಹಿಂಗಾವಲಿನ ಆಟಗಾರರೇ, ಚೆಂಡು ಬಂದುದು ಮೂಲೆಯ ಒದೆತದಿಂದಲೇ, ಹೊಡೆದುದು ತಲೆಯಿಂದಲೇ. ಸೋಲಿಸಿದವರಿಂದ ನಮ್ಮವರು ಕಲಿತರೋ ಇಲ್ಲವೋ ಹೇಳಲಾರೆವು. ಆದರೆ ಆ ಸೋಲಿಲ್ಲದೆ ಈ ಗೆಲುವಿಗೆ ಅಷ್ಟು ಸವಿಯಿರುತ್ತಿರಲಿಲ್ಲವೆಂದು ಮಾತ್ರ ಬಲ್ಲೆವು.

ಇನ್ನು ನಮ್ಮ ನೆರೆಯ ಕೇರಳದವರ ವಿಚಾರ. ಕೇರಳ ಬ್ಲಾಸ್ಟರ್ಸ್ ತಂಡವು ಬೆಂಗಳೂರಿಗೆ ಬಂದರೆ ಗ್ಯಾಲರಿಯ ಒಂದು ಭಾಗವೆಲ್ಲ ಹಳದಿಯಾಗುತ್ತದೆ. ಕೊಚ್ಚಿಯಿಂದ ಬಂದವರು ಅವರಲ್ಲಿ ಕೆಲವರಾದರೆ, ನಮ್ಮ ಊರಿನಲ್ಲಿಯೇ ದುಡಿದು ಬಾಳುವ ಮಲೆಯಾಳದವರು ಬಹುಮಂದಿ. ನಮ್ಮ ನೆರೆಮನೆಯವರು, ನಮ್ಮ ಸಹಪಾಠಿಗಳು, ನಮ್ಮನ್ನು ಆಸ್ಪತ್ರೆಯಲ್ಲಿ ನೋಡಿಕೊಂಡ ದಾದಿಯರು ಅಲ್ಲಿ ಕುಳಿತಿರುತ್ತಾರೆ. ಬೆಳಗ್ಗೆ ಒಂದೇ ಓಣಿಯಲ್ಲಿ ಹಾಲು ಕೊಂಡವರು ಸಂಜೆ ಒಬ್ಬರಿಗೊಬ್ಬರು ಹಗೆಗಳಾಗುವುದು ಹೇಗೆ? ಎರಡು ಗಂಟೆಯ ಪೈಪೋಟಿಯು ಎರಡು ಗಂಟೆಗೆ ಮುಗಿಯತಕ್ಕದ್ದು.

ಆ ಪೈಪೋಟಿಯು ಕೆಟ್ಟ ತಿರುವನ್ನು ಪಡೆದುದು ೨೦೨೩ರ ಮಾರ್ಚ್ ೩ರಂದು. ಕಂಠೀರವದಲ್ಲಿ ನಡೆದುದು ನಾಕೌಟ್ ಪಂದ್ಯ. ಸೋತವರು ಮನೆಗೆ ಹೋಗತಕ್ಕದ್ದು. ತೊಂಬತ್ತು ನಿಮಿಷಗಳವರೆಗೆ ಯಾರೂ ಗೋಲು ಗಳಿಸಲಿಲ್ಲ. ಹೆಚ್ಚಿನ ಅವಧಿಯು ಪ್ರಾರಂಭವಾದ ಕೆಲವೇ ನಿಮಿಷಗಳಲ್ಲಿ ಬೆಂಗಳೂರಿಗೆ ಒಂದು ಫ್ರೀ ಕಿಕ್ ದೊರೆಯಿತು. ಕೇರಳದ ಆಟಗಾರರು ತಡೆಗೋಡೆಯನ್ನು ಕಟ್ಟಿಕೊಳ್ಳುತ್ತಿದ್ದರು. ಅವರ ಗೋಲ್‌ಕೀಪರು ಇನ್ನೂ ತನ್ನ ನೆಲೆಯಲ್ಲಿ ನಿಂತಿರಲಿಲ್ಲ. ಛೇತ್ರಿಯವರು ಅಷ್ಟರಲ್ಲಿಯೇ ಚೆಂಡನ್ನು ಬಲೆಗೆ ಸೇರಿಸಿದರು. ತೀರ್ಪುಗಾರರು ಗೋಲೆಂದು ಸಾರಿದರು. ಕೇರಳದವರು ಪ್ರತಿಭಟಿಸಿದರು; ಬಳಿಕ ಅವರ ತರಬೇತುದಾರ ಇವಾನ್ ವುಕೊಮಾನೊವಿಚ್ ಎಂಬವರು ತಮ್ಮ ಆಟಗಾರರನ್ನು ಕರೆದುಕೊಂಡು ಬಯಲಿನಿಂದ ಹೊರಟುಹೋದರು. ಪಂದ್ಯವು ಬೆಂಗಳೂರಿನದೆಂದು ಘೋಷಿತವಾಯಿತು. ಅದೇ ತಿಂಗಳ ಕೊನೆಯಲ್ಲಿ ಅಖಿಲ ಭಾರತ ಕಾಲ್ಚೆಂಡು ಮಂಡಲಿಯ ಶಿಸ್ತು ಸಮಿತಿಯು ಕೇರಳ ತಂಡಕ್ಕೆ ೪ ಕೋಟಿ ರೂಪಾಯಿ ದಂಡವನ್ನೂ ತರಬೇತುದಾರರಿಗೆ ೧೦ ಪಂದ್ಯಗಳ ನಿಷೇಧವನ್ನೂ ೫ ಲಕ್ಷ ರೂಪಾಯಿ ದಂಡವನ್ನೂ ವಿಧಿಸಿತು. ತಂಡವೂ ತರಬೇತುದಾರರೂ ಬಹಿರಂಗವಾಗಿ ಕ್ಷಮೆ ಕೇಳಿಕೊಂಡರು.

ನಮ್ಮ ತೀರ್ಮಾನವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ನಿಯಮದ ಪ್ರಕಾರ ಫ್ರೀ ಕಿಕ್ಕನ್ನು ಬೇಗನೆ ಹೊಡೆಯಬಹುದು. ತಪ್ಪು ಮಾಡಿದ ಪಕ್ಷಕ್ಕೆ ಸಾವಕಾಶವಾಗಿ ಗೋಡೆ ಕಟ್ಟಿಕೊಳ್ಳುವ ಹಕ್ಕನ್ನು ಯಾವ ನಿಯಮವೂ ಕೊಟ್ಟಿಲ್ಲ. ಒಂಬತ್ತೂ ಕಾಲು ಗಜಗಳಲ್ಲ, ಪೂರ್ತಿ ಹತ್ತು ಗಜಗಳಷ್ಟು ಹಿಂದೆ ಸರಿಯಬೇಕೆಂಬ ಕರ್ತವ್ಯವನ್ನು ಮಾತ್ರ ವಿಧಿಸಿದೆ. ತೀರ್ಪುಗಾರರು ದೂರವನ್ನು ಅಳೆಯಲು ಆಟವನ್ನು ತಡೆದುನಿಲ್ಲಿಸಿದ್ದರೆ ಮಾತ್ರ ಸೀಟಿಗಾಗಿ ಕಾಯತಕ್ಕದ್ದು. ಆದುದರಿಂದ ಆ ಗೋಲಿನಲ್ಲಿ ಕಳ್ಳತನವೇನೂ ಇರಲಿಲ್ಲ. ಹಾಗೆಂದು ಅದನ್ನು ಬೆಂಗಳೂರಿನ ಗೋಲುಗಳಲ್ಲಿ ಶ್ರೇಷ್ಠವಾದುದೆಂದು ಮೆರೆಯಿಸುವವರ ಜತೆಗೂ ನಾವಿಲ್ಲ. ಎದುರಾಳಿಯು ಸಿದ್ಧನಾಗಿ ನಿಂತಿರುವಾಗ ಗೆಲ್ಲುವುದೇ ಹೆಚ್ಚಿನ ಗೆಲುವು. ಕೇರಳದವರಿಗೆ ಕೋಪ ಬಂದುದು ಸಹಜ, ಕೋಪಕ್ಕೆ ದಾರಿಗಳಿದ್ದುವು. ಇಪ್ಪತ್ತು ನಿಮಿಷಕ್ಕೂ ಮಿಗಿಲಾಗಿ ಆಟವು ಉಳಿದಿತ್ತು. ಒಂದು ಗೋಲು ತೀರಿಸಲಾರದ ಸಾಲವಲ್ಲ. ಪಂದ್ಯ ಮುಗಿದ ಮೇಲೆ ದೂರು ಕೊಡಲು ಸಮಿತಿಯಿತ್ತು.

ಬಯಲನ್ನು ಬಿಟ್ಟು ಹೋಗುವುದು ಮಾತ್ರ ಬೇರೆ ಜಾತಿಯ ಕಾರ್ಯ. ಒರಟಾಟವು ಆಟದೊಳಗಿನ ತಪ್ಪು. ಬಿಟ್ಟುಹೋಗುವುದು ಆಟವನ್ನೇ ಇಲ್ಲವೆನಿಸುವ ತಪ್ಪು. ಅದರಿಂದ ಬೆಂಗಳೂರಿನವರಿಗೆ ನಿಜವಾದ ಗೆಲುವು ದೊರೆಯಲಿಲ್ಲ. ಕೇರಳದ ಹನ್ನೊಂದು ಮಂದಿಗೆ ತಮ್ಮ ಕಾಲಿನಿಂದ ಉತ್ತರ ಹೇಳುವ ಅವಕಾಶ ದೊರೆಯಲಿಲ್ಲ. ರಾತ್ರಿಯ ರೈಲಿನಲ್ಲಿ ಬಂದಿದ್ದ ಹಳದಿ ಅಂಗಿಯ ಬಾಲಕನಿಗೆ ಪಂದ್ಯದ ಕೊನೆಯೇ ದೊರೆಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಯನ್ನು ನಮ್ಮಲ್ಲಿ ಕೆಲವರು ಆ ದಿನ ಕೇರಳದವರ ಮೇಲೆ ಪ್ರಯೋಗಿಸಿದರು. ನಾವು ಅದನ್ನು ಒಪ್ಪುವುದಿಲ್ಲ. ಅವರು ಕುಣಿಯಬಲ್ಲವರೇ, ನೆಲವು ಕೊಂಚ ಡೊಂಕಾಗಿ ಕಂಡರೂ ಕುಣಿದೇ ತೋರಿಸಬಹುದಾಗಿತ್ತಲ್ಲ ಎಂಬುದೇ ನಮ್ಮ ವ್ಯಥೆ. ಆ ಗೋಲಿನಿಂದ ಮುಂದೆ ಸಾಗಿದ ಬೆಂಗಳೂರು ತಂಡವು ಅದೇ ಮಾರ್ಚ್ ೧೮ರಂದು ಗೋವೆಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಎ.ಟಿ.ಕೆ. ಮೋಹನ್ ಬಾಗಾನ್ ತಂಡಕ್ಕೆ ಪೆನಾಲ್ಟಿ ಒದೆತಗಳಲ್ಲಿ ಸೋತಿತು. ಸೋತರೂ ಕೊನೆಯ ಒದೆತದವರೆಗೆ ನಿಂತಿತು. ನಾವು ಆ ರಾತ್ರಿಯನ್ನು ಮಾರ್ಚ್ ೩ರ ರಾತ್ರಿಗಿಂತ ಹೆಚ್ಚಿನ ಸಂತೋಷದಿಂದ ನೆನೆಯುತ್ತೇವೆ.

ಆ ಗದ್ದಲದಲ್ಲಿ ಬಹುಮಂದಿಗೆ ಕಾಣದೆ ಹೋದ ಸಂಗತಿಯೊಂದುಂಟು. ಮರುದಿನವೇ, ಎಂದರೆ ೨೦೨೩ರ ಮಾರ್ಚ್ ೪ರಂದು, ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಕರ್ನಾಟಕದ ತಂಡವು ಮೇಘಾಲಯವನ್ನು ೩-೨ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಮೈಸೂರೆಂಬ ಹೆಸರಿನಲ್ಲಿ ನಮ್ಮ ರಾಜ್ಯವು ಅದನ್ನು ನಾಲ್ಕು ಸಲ ಗೆದ್ದಿತ್ತು. ಕೊನೆಯ ಸಲ ಗೆದ್ದುದು ೧೯೬೮-೬೯ರಲ್ಲಿ. ಐವತ್ತನಾಲ್ಕು ವರುಷಗಳ ಬಳಿಕ ಬಂದ ಈ ಪ್ರಶಸ್ತಿಯನ್ನು ಊರು ಕೊಂಡಾಡಬೇಕಾಗಿದ್ದ ದಿನ ಜನರ ಬಾಯಲ್ಲಿದ್ದುದು ಹಿಂದಿನ ರಾತ್ರಿಯ ಜಗಳ. ೧೯೩೭ರಲ್ಲಿಯೂ ೧೯೩೮ರಲ್ಲಿಯೂ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದು ತಂದ ಬೆಂಗಳೂರು ಮುಸ್ಲಿಮ್ಸ್ ತಂಡದ ಊರು ಇದು. ೧೯೪೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಒಂದೇ ಗೋಲನ್ನು ಹೊಡೆದ ರಾಮನ್ ಅವರ ಊರು ಇದು. ಆ ಪಂದ್ಯದಲ್ಲಿ ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿ, ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು ೧-೨ರಲ್ಲಿ ಸೋತರು. ಆದರೂ ಅದು ನಮ್ಮ ಹೆಮ್ಮೆಯ ಕಥೆಗಳಲ್ಲೊಂದಾಗಿದೆ. ಜಗಳವು ಗೆಲುವನ್ನೂ ಮರೆಯಿಸಬಲ್ಲುದು. ಮರ್ಯಾದೆಯ ಆಟವು ಸೋಲನ್ನೂ ಉಳಿಸಬಲ್ಲುದು.

ನಿಯಮವನ್ನು ಮುರಿಯದೆಯೂ ಆಟಕ್ಕೆ ದ್ರೋಹ ಬಗೆಯಬಹುದೆಂಬುದಕ್ಕೆ ಹೊರದೇಶದ ಒಂದು ದೃಷ್ಟಾಂತವನ್ನು ಕೊಡುತ್ತೇವೆ. ೧೯೮೨ರ ಜೂನ್ ೨೫ರಂದು ಸ್ಪೇನ್ ದೇಶದ ಹಿಹೋನ್ ಎಂಬಲ್ಲಿ ಪಶ್ಚಿಮ ಜರ್ಮನಿಯೂ ಆಸ್ಟ್ರಿಯವೂ ವಿಶ್ವಕಪ್ಪಿನ ಪಂದ್ಯವನ್ನಾಡಿದುವು. ಜರ್ಮನರು ೧-೦ರಿಂದ ಗೆದ್ದರೆ ಎರಡು ತಂಡಗಳೂ ಮುಂದಕ್ಕೆ ಹೋಗುವ ಹಾಗೆ ಲೆಕ್ಕವಿತ್ತು. ಹತ್ತನೆಯ ನಿಮಿಷದಲ್ಲಿ ಆ ಒಂದು ಗೋಲು ಬಂದಿತು. ಬಳಿಕ ಉಳಿದ ಹೊತ್ತನ್ನೆಲ್ಲ ಇಬ್ಬರೂ ಚೆಂಡನ್ನು ಅತ್ತಿತ್ತ ತಳ್ಳುತ್ತ ಕಳೆದರು. ಜರ್ಮನಿಯನ್ನು ಹಿಂದೆ ೨-೧ರಿಂದ ಸೋಲಿಸಿದ್ದ ಆಲ್ಜೀರಿಯ ತಂಡವು ಮನೆಗೆ ಹೋಗಬೇಕಾಯಿತು. ಅಲ್ಲಿ ಯಾರೂ ಯಾರನ್ನೂ ಕೆಡವಲಿಲ್ಲ, ಬೈಯಲಿಲ್ಲ. ಆದರೂ ಅದು ಕಾಲ್ಚೆಂಡಿನ ಚರಿತ್ರೆಯಲ್ಲಿ ಕಳಂಕವಾಗಿ ಉಳಿದಿದೆ. ಗುಂಪಿನ ಕಡೆಯ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುವ ಪದ್ಧತಿಯು ಹುಟ್ಟಿದುದು ಆ ಕಳಂಕದಿಂದಲೇ. ಎದುರಾಳಿಯು ಬಯಲಿನಲ್ಲಿದ್ದರೂ ಎದುರಾಳಿತನವು ಇಲ್ಲದೆ ಹೋದರೆ ಆಟವು ಸತ್ತಂತೆಯೇ ಸರಿ.

ಇದಕ್ಕೆ ಪ್ರತಿಯಾಗಿ ೨೦೦೦ದ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ನಡೆದುದನ್ನು ನೋಡಿರಿ. ವೆಸ್ಟ್ ಹ್ಯಾಮ್ ತಂಡದ ಪಾವ್ಲೊ ಡಿ ಕಾನಿಯೊ ಎಂಬ ಇಟಲಿಯ ಆಟಗಾರನು ಗೋಲಿನ ಮುಂದೆ ಇದ್ದಾಗ ಎವರ್ಟನ್ ತಂಡದ ಗೋಲ್‌ಕೀಪರು ನೋವಿನಿಂದ ನೆಲದ ಮೇಲೆ ಬಿದ್ದಿದ್ದನು. ಚೆಂಡು ತನ್ನೆಡೆಗೆ ಬಂದಾಗ ಡಿ ಕಾನಿಯೊ ಅದನ್ನು ಕೈಯಿಂದ ಹಿಡಿದು ಆಟವನ್ನು ನಿಲ್ಲಿಸಿದನು. ಸ್ವಭಾವದಲ್ಲಿ ಈತನು ಸಾಧುವೇನೂ ಅಲ್ಲ. ೧೯೯೮ರಲ್ಲಿ ತೀರ್ಪುಗಾರರನ್ನು ನೂಕಿ ದೀರ್ಘ ನಿಷೇಧಕ್ಕೆ ಗುರಿಯಾಗಿದ್ದವನು. ಕೋಪಿಷ್ಠನಿಗೂ ಒಳ್ಳೆಯ ಗಳಿಗೆಯೊಂದು ಒದಗಬಹುದೆಂದೂ, ಒಳ್ಳೆಯವರಿಗೂ ಕೆಟ್ಟ ಗಳಿಗೆಯೊಂದು ಬರಬಹುದೆಂದೂ ಇದರಿಂದ ತಿಳಿಯತಕ್ಕದ್ದು. ನಮ್ಮ ಕಂಠೀರವದಲ್ಲಿಯೇ ೨೦೨೩ರ ಜೂನ್ ೨೧ರಂದು ದಕ್ಷಿಣ ಏಷ್ಯದ ಸ್ಯಾಫ್ ಪಂದ್ಯಾವಳಿಯಲ್ಲಿ ಭಾರತವು ಪಾಕಿಸ್ತಾನದ ಮೇಲೆ ೨-೦ರಿಂದ ಮುಂದಿತ್ತು. ಪಾಕಿಸ್ತಾನದ ಆಟಗಾರನು ಚೆಂಡನ್ನು ಒಳಗೆಸೆಯಲು ನಿಂತಾಗ ಭಾರತದ ತರಬೇತುದಾರ ಇಗೋರ್ ಸ್ಟಿಮಾಚ್ ಅವರು ಅದನ್ನು ಅವನ ಕೈಯಿಂದ ತಟ್ಟಿ ಬೀಳಿಸಿ ಕೆಂಪು ಚೀಟಿಯನ್ನು ಪಡೆದರು. ಭಾರತವು ೪-೦ರಿಂದ ಗೆದ್ದಿತು. ಛೇತ್ರಿಯವರು ಮೂರು ಗೋಲುಗಳನ್ನು ಹೊಡೆದರು. ಅಷ್ಟು ಚೆಂದದ ಗೆಲುವಿನ ಹಾಳೆಯ ಮೇಲೆ ಆ ಒಂದು ಮಸಿಯ ಚುಕ್ಕೆಯು ಏತಕ್ಕೆ ಬೇಕಾಗಿತ್ತು?

ಈಗ ಕಾವಲಿನ ಆಟಕ್ಕೆ ಬರುತ್ತೇವೆ. ಗೋಲುಗಳಿಲ್ಲದ ಪಂದ್ಯವು ಉಪ್ಪಿಲ್ಲದ ಊಟವೆಂದು ನಮ್ಮ ಗೆಳತಿಯರಲ್ಲಿಯೇ ಹಲವರು ಹೇಳುವುದುಂಟು. ಹಿಂದೆ ಸರಿದು ಕಾಯುವ ತಂಡವನ್ನು ಹೇಡಿಗಳೆಂದು ಗ್ಯಾಲರಿಯು ಕೂಗುತ್ತದೆ. ಈ ತಿಳಿವಳಿಕೆಯು ನಮ್ಮ ನಾಡಿನ ಆಟಗಳಿಗೇ ಹೊಂದುವುದಿಲ್ಲ. ಕಬಡ್ಡಿಯಲ್ಲಿ ಉಸಿರು ಹಿಡಿದು ನುಗ್ಗುವವಳಿಗೆಷ್ಟು ಕೀರ್ತಿಯೋ ಕೈಕೈ ಹಿಡಿದು ಅವಳನ್ನು ಕಟ್ಟಿಹಾಕುವವರಿಗೂ ಅಷ್ಟೇ ಕೀರ್ತಿ. ಚಿತ್ರದುರ್ಗದ ಕೋಟೆಯಲ್ಲಿ ಕಿಂಡಿಯ ಬಳಿ ಒನಕೆಯನ್ನು ಹಿಡಿದು ನಿಂತ ಓಬವ್ವನನ್ನು ನಾಡು ಮರೆತಿದೆಯೆ? ಆಕೆ ಪರರಾಜ್ಯವನ್ನು ಗೆದ್ದವಳಲ್ಲ. ಎಲ್ಲಿ ಬಿರುಕಿತ್ತೋ ಅಲ್ಲಿ ನಿಂತವಳು. ಕಾವಲಿನ ಆಟಗಾರ್ತಿಯ ಲಕ್ಷಣವನ್ನು ಇದಕ್ಕಿಂತ ಚೆನ್ನಾಗಿ ಹೇಳಲಾಗದು.

ಕಾವಲು ಬಲಹೀನರ ನ್ಯಾಯವಾದ ಆಯುಧವೂ ಹೌದು. ೨೦೦೪ರ ಯೂರೋಪಿನ ಪಂದ್ಯಾವಳಿಯಲ್ಲಿ ಗ್ರೀಸ್ ದೇಶದ ಗೆಲುವನ್ನು ಎಣಿಸಿದವರು ತೀರ ವಿರಳ. ಆ ತಂಡವು ಫ್ರಾನ್ಸನ್ನು ೧-೦, ಜೆಕ್ ಗಣರಾಜ್ಯವನ್ನು ೧-೦, ಅಂತಿಮ ಪಂದ್ಯದಲ್ಲಿ ಪೋರ್ತುಗಲನ್ನು ಅದರ ನೆಲದಲ್ಲಿಯೇ ೧-೦ರಿಂದ ಸೋಲಿಸಿತು. ಪಂಡಿತರು ಅದನ್ನು ನೀರಸವೆಂದರು. ನಮಗೆ ಹಾಗೆ ತೋರುವುದಿಲ್ಲ. ತನಗಿಂತ ದೊಡ್ಡವನನ್ನು ಸರಿಯಾಗಿ ಓದಿ, ಅವನ ದಾರಿಗಳನ್ನು ಒಂದೊಂದಾಗಿ ಮುಚ್ಚಿ, ತೊಂಬತ್ತು ನಿಮಿಷ ಮೈಮರೆಯದೆ ನಿಲ್ಲುವುದರಲ್ಲಿ ಬುದ್ಧಿಯೂ ಇದೆ, ಧೈರ್ಯವೂ ಇದೆ. ಹಿಂಗಾವಲಿನವನು ಎದುರಾಳಿಯ ಯಾವ ಕಾಲು ಬಲವಾದುದು, ಯಾವ ಕಡೆಗೆ ತಿರುಗುವನು, ಎಷ್ಟು ವೇಗವಾಗಿ ಓಡುವನು ಎಂಬುದನ್ನೆಲ್ಲ ಅಭ್ಯಾಸ ಮಾಡಬೇಕು. ಅಷ್ಟು ಗಮನವಿಟ್ಟು ನೋಡಿದವನು ಎದುರಾಳಿಯನ್ನು ತುಚ್ಛವಾಗಿ ಕಾಣಲಾರನು. ಕಾವಲಿನ ಆಟವು ಮರ್ಯಾದೆಯಿಂದ ಹುಟ್ಟುತ್ತದೆಂದು ಮೊದಲೇ ಹೇಳಿದುದರ ಅರ್ಥವು ಇದೇ. ಮಾರ್ಚ್ ೩ರ ಗೋಲು ಆದುದಾದರೂ ಹೇಗೆ? ಕಾವಲು ಒಂದು ಗಳಿಗೆ ಕಣ್ಣು ತಪ್ಪಿಸಿತು. ಚೆಂಡು ನಿಂತಿದ್ದರೂ ಆಟವು ನಿಂತಿರುವುದಿಲ್ಲ.

ಆದರೆ ಕಾವಲೆಂಬ ಹೆಸರಿನಲ್ಲಿ ನಡೆಯುವುದೆಲ್ಲ ಕಾವಲಲ್ಲ. ಕಾಯುವುದು ಒಂದು, ಕಾಲಹರಣ ಮಾಡುವುದು ಮತ್ತೊಂದು, ಕೆಡಹುವುದು ಮೂರನೆಯದು. ೧೯೬೬ರ ವಿಶ್ವಕಪ್ಪಿನಲ್ಲಿ ಪೆಲೆಯವರನ್ನು ತಡೆಯಲಾರದ ಎದುರಾಳಿಗಳು ಅವರನ್ನು ಒದ್ದು ಒದ್ದು ಕುಂಟುವಂತೆ ಮಾಡಿದರು. ಹಳದಿ, ಕೆಂಪು ಚೀಟಿಗಳು ೧೯೭೦ರ ವಿಶ್ವಕಪ್ಪಿನಲ್ಲಿ ಬಳಕೆಗೆ ಬಂದುವು. ೧೯೯೦ರ ವಿಶ್ವಕಪ್ಪಿನಲ್ಲಿ ಚೆಂಡನ್ನು ಮತ್ತೆ ಮತ್ತೆ ತಮ್ಮ ಗೋಲ್‌ಕೀಪರಿಗೇ ಒದ್ದು, ಅವನು ಕೈಯಲ್ಲಿ ಹಿಡಿದು ಹೊತ್ತು ಕಳೆಯುವುದು ಮಿತಿಮೀರಿತು; ಆ ವರುಷ ಪಂದ್ಯಕ್ಕೆ ಸರಾಸರಿ ೨.೨೧ ಗೋಲುಗಳು ಮಾತ್ರ ಬಂದುವು. ೧೯೯೨ರಲ್ಲಿ ಜತೆಗಾರನು ಬೇಕೆಂದೇ ಕಾಲಿನಿಂದ ಒದ್ದು ಕೊಟ್ಟ ಚೆಂಡನ್ನು ಗೋಲ್‌ಕೀಪರು ಕೈಯಲ್ಲಿ ಮುಟ್ಟಕೂಡದೆಂಬ ನಿಯಮವು ಬಂದಿತು. ಆಟವು ಚುರುಕಾಯಿತು, ಹಿಂಗಾವಲಿನವರು ಕಾಲಿನ ಚಳಕವನ್ನು ಕಲಿಯಲೇಬೇಕಾಯಿತು. ಒಳ್ಳೆಯ ನಿಯಮವು ಕಾವಲನ್ನು ಕೊಲ್ಲುವುದಿಲ್ಲ, ಶುದ್ಧಿ ಮಾಡುತ್ತದೆ. ಮುಂದಿರುವ ತಂಡದವನು ಯಾರೂ ಮುಟ್ಟದೆಯೇ ಬಿದ್ದು ಹೊರಳಾಡುವುದನ್ನು ಕಂಡಾಗ ನಮ್ಮ ತಂಡದವನೆಂದು ಚಪ್ಪಾಳೆ ತಟ್ಟುವುದು ಸಲ್ಲದು. ಅದು ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಇಷ್ಟೆಲ್ಲ ಹೇಳಿ ಗ್ಯಾಲರಿಯವರ ವಿಚಾರವನ್ನು ಬಿಟ್ಟರೆ ಅನ್ಯಾಯವಾದೀತು. ಎದುರು ತಂಡದವನ ತಾಯಿಯನ್ನೂ ಹೆಂಡತಿಯನ್ನೂ ಎಳೆದು ತರುವ ಬೈಗುಳಗಳನ್ನು ಕೆಲವರು ಅಭಿಮಾನವೆಂದು ತಿಳಿದಿದ್ದಾರೆ. ಪಂದ್ಯ ಮುಗಿದ ಮೇಲೂ ದೂರವಾಣಿಯ ತೆರೆಯ ಮೇಲೆ ಆ ವಿಷವು ಹರಿಯುತ್ತದೆ. ಇದರಲ್ಲಿ ನಷ್ಟ ಯಾರಿಗೆ? ಬೈಸಿಕೊಂಡ ಆಟಗಾರನು ಮರುವಾರ ಮತ್ತೆ ಆಡುತ್ತಾನೆ. ಆದರೆ ಹತ್ತಿರದ ಸಾಲಿನಲ್ಲಿ ಮಗಳೊಡನೆ ಕುಳಿತ ತಂದೆಯು ಮುಂದಿನ ಪಂದ್ಯಕ್ಕೆ ಅವಳನ್ನು ಕರೆತರುವುದಿಲ್ಲ. ವಿಜಯನಗರದಲ್ಲೋ ಕೆಂಗೇರಿಯಲ್ಲೋ ಒಬ್ಬ ಬಾಲಿಕೆಯು ಕ್ರೀಡಾಂಗಣಕ್ಕೆ ಹೋಗುವೆನೆಂದಾಗ ಮನೆಯವರು ಹೂಂ ಎನ್ನುವರೋ ಊಹೂಂ ಎನ್ನುವರೋ ಎಂಬುದು ನಮ್ಮ ಗ್ಯಾಲರಿಯ ನಾಲಗೆಯ ಮೇಲೆ ನಿಂತಿದೆ. ನೋಡಲು ಬಾರದವಳು ಆಡಲು ಬರುವುದು ಕಷ್ಟ. ಆದಕಾರಣ ಈ ಮಾತು ಹೆಣ್ಣುಮಕ್ಕಳ ಶಾಲೆಗೆ ಸಂಬಂಧಪಟ್ಟುದೇ ಆಗಿದೆ.

ಬಯಲಿನಿಂದ ಹೊರಗೆ ದೂಡಲ್ಪಡುವುದೆಂದರೇನೆಂದು ಹೆಣ್ಣುಮಕ್ಕಳು ಬಲ್ಲರು. ೧೯೨೦ರ ಡಿಸೆಂಬರ್ ೨೬ರಂದು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಕಾರ್ಖಾನೆಯ ಹೆಣ್ಣಾಳುಗಳ ಡಿಕ್ ಕೆರ್ ತಂಡದ ಪಂದ್ಯವನ್ನು ನೋಡಲು ಸುಮಾರು ೫೩,೦೦೦ ಜನರು ಬಂದಿದ್ದರು. ಮರುವರುಷದ ಡಿಸೆಂಬರ್ ೫ರಂದು ಅಲ್ಲಿಯ ಕಾಲ್ಚೆಂಡು ಮಂಡಲಿಯು ಈ ಆಟವು ಹೆಂಗಸರಿಗೆ ತಕ್ಕುದಲ್ಲವೆಂದು ಹೇಳಿ ತನಗೆ ಸೇರಿದ ಬಯಲುಗಳನ್ನು ಅವರಿಗೆ ಮುಚ್ಚಿತು. ಸುಮಾರು ಐವತ್ತು ವರುಷಗಳವರೆಗೆ ಆ ಬಾಗಿಲು ತೆರೆಯಲಿಲ್ಲ. ಎದುರಾಳಿಗೆ ಬಯಲನ್ನೇ ಕೊಡದಿರುವುದು ಮರ್ಯಾದೆಗೇಡಿನ ಪರಮಾವಧಿ. ನಮ್ಮ ದೇಶದ ಹೆಣ್ಣುಮಕ್ಕಳಾದರೋ ೨೦೨೫ರ ಜುಲೈ ೫ರಂದು ಥೈಲೆಂಡ್ ದೇಶವನ್ನು ಅದರ ನೆಲದಲ್ಲಿಯೇ ೨-೧ರಿಂದ ಸೋಲಿಸಿ, ಅರ್ಹತೆಯ ಪಂದ್ಯಗಳ ದಾರಿಯಿಂದ ಮೊತ್ತಮೊದಲು ಏಷ್ಯನ್ ಕಪ್ಪಿಗೆ ಪ್ರವೇಶ ಪಡೆದರು. ಭಾರತದ ನಾಯಕಿಯಾಗಿ ಬಹುಕಾಲ ತಂಡವನ್ನು ನಡೆಯಿಸಿದ ಮಣಿಪುರದ ಆಶಾಲತಾ ದೇವಿಯವರು ಹಿಂಗಾವಲಿನ ಆಟಗಾರ್ತಿ ಎಂಬುದನ್ನು ನಮ್ಮ ವಾಚಕಿಯರು ಗಮನಿಸಬೇಕೆಂದು ಕೋರುತ್ತೇವೆ.

ಕೊನೆಯದಾಗಿ ನಮ್ಮ ಶಾಲೆಯ ಕಿರಿಯ ಸೋದರಿಯರಿಗೆ ಮೂರು ಬಿನ್ನಹಗಳು. ತಂಡವನ್ನು ಕಟ್ಟುವಾಗ ಓಡಲಾರದವಳನ್ನು ಹಿಂದೆ ನಿಲ್ಲಿಸುವ ಹಳೆಯ ರೂಢಿಯನ್ನು ಬಿಡಿರಿ. ನಿಮ್ಮಲ್ಲಿ ಅತ್ಯಂತ ಎಚ್ಚರವುಳ್ಳವಳನ್ನು ಹಿಂಗಾವಲಿಗೆ ಹಾಕಿರಿ. ಎದುರು ತಂಡದವಳು ಖಂಡಿತವಾದ ಗೋಲೊಂದನ್ನು ತಡೆದಾಗ ಮೊದಲ ಚಪ್ಪಾಳೆಯು ನಿಮ್ಮ ಕಡೆಯಿಂದಲೇ ಬರಲಿ. ಅದನ್ನು ತಡೆಯುವಷ್ಟು ಬಲವುಳ್ಳವಳು ಎದುರಿಗಿದ್ದುದರಿಂದಲೇ ನಿಮ್ಮ ಆಟಕ್ಕೆ ಬೆಲೆ ಬಂದಿತು. ತೀರ್ಪುಗಾರ್ತಿಯು ತಪ್ಪಿದಳೆಂದು ತೋರಿದರೆ ನಾಯಕಿಯು ಒಂದು ಮಾತು ಹೇಳಲಿ, ಉಳಿದವರು ತಮ್ಮ ತಮ್ಮ ನೆಲೆಗೆ ಹಿಂತಿರುಗಲಿ. ಅನ್ಯಾಯವಾಯಿತೆಂದು ಕಣ್ಣಲ್ಲಿ ನೀರು ತುಂಬಿದ್ದರೂ ಕಡೆಯ ಸೀಟಿಯವರೆಗೆ ಬಯಲಿನಲ್ಲಿ ನಿಲ್ಲಿರಿ. ನಿಂತವರ ಸೋಲನ್ನು ಜನರು ಮರೆಯಬಹುದು, ಇಲ್ಲವೆ ಗೌರವದಿಂದ ನೆನೆಯಬಹುದು. ಹೊರಟುಹೋದವರ ವಿಚಾರದಲ್ಲಿ ಅವರು ಹೊರಟುಹೋದುದೊಂದೇ ಉಳಿಯುತ್ತದೆ.